ಶನಿವಾರದ ನಡಾವಳಿ

ನಾನು ಹದಿಮೂರು ವರ್ಷ ದುಡಿದ ಆಸ್ಪತ್ರೆ ಅದಕ್ಕೂ ಮೊದಲು ಮದುವೆ ಛತ್ರವಾಗಿತ್ತು. ಚಾಮರಾಜನಗರದಲ್ಲಿ ಅದು ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ. ಊಟದ ಹಾಲನ್ನು ಹೊರರೋಗಿಗಳ ವಿಭಾಗ ಮಾಡಿದ್ದರು. ಹೆಣ್ಣಿನ ಕಡೆಯವರ ಕೋಣೆ ಎಕ್ಸ್‌-ರೇಗೆ ಹೋಗಿತ್ತು. ಗಂಡಿನ ಕಡೆಯವರು ಕಾಲು ಚಾಚಿ ಮಲಗುತ್ತಿದ್ದ ಮಹಡಿ ನಮ್ಮ ಹೆಂಗಸರ ವಾರ್ಡು, ಹಿಂದಿನ ಅಡುಗೆ ಕೋಣೆ ಲ್ಯಾಬು. ಯಾರ ಪಕ್ಕದಲ್ಲಿ ಯಾರಿರಬೇಕು ಎಂದು ಯೋಚಿಸಿ ಕಟ್ಟಿದ ಕಟ್ಟಡವೇ ಅಲ್ಲ ಅದು. ನನ್ನ ವಾರ್ಡಿನ ಹಿಂದಿನ ಕಿಟಕಿಯಲ್ಲಿ ಬಗ್ಗಿದರೆ ನೇರ ಕೆಳಗೆ ಲ್ಯಾಬಿನ ಕಿಟಕಿ ಕಾಣುತ್ತಿತ್ತು. ಆದರೆ ಅಲ್ಲಿಗೆ ನಡೆದು ಹೋಗಬೇಕೆಂದರೆ ಮುಂದಿನ ಮೆಟ್ಟಿಲಿಳಿದು, ಔಷಧಿ ಅಂಗಡಿಯ ಸಾಲು ದಾಟಿ, ಬಿಲ್ಲಿನ ಕಿಟಕಿಯ ಮುಂದೆ ನಿಂತ ಜನರನ್ನು ಸರಿಸಿಕೊಂಡು ಇಡೀ ಛತ್ರ ಸುತ್ತಬೇಕು.

ಆ ಸುತ್ತು ತಪ್ಪಿಸಿದವಳು ಅವಳು. ಲ್ಯಾಬ್ ಟೆಕ್ನಿಷಿಯನ್, ಹರವೆಯವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಕೆಲಸಕ್ಕೆ ಸೇರಿದ ಎರಡನೇ ವಾರವೇ ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹಗ್ಗ ಕಟ್ಟಿಕೊಂಡು ಮೇಲೆ ಬಂದು, ನಮ್ಮ ಕಿಟಕಿಯ ಸರಳಿಗೆ ಬಿಗಿದು, "ಇನ್ಮೇಲೆ ಇದ್ರಲ್ಲಿ ಇಳ್ಸಿಬುಡಕ್ಕ, ನಿನ್ ಕಾಲೂ ಉಳೀತದೆ, ನನ್ ಕಾಲೂ ಉಳೀತದೆ" ಅಂದಳು. ಅವತ್ತಿನಿಂದ ರಕ್ತದ ಟ್ಯೂಬುಗಳು ಬುಟ್ಟಿಯಲ್ಲಿ ಕೆಳಗೆ ಹೋದವು, ರಿಪೋರ್ಟುಗಳು ಬುಟ್ಟಿಯಲ್ಲಿ ಮೇಲೆ ಬಂದವು. ಹುರುಳಿಕಾಳಿನ ಬಸ್ಸಾರಿನ ಡಬ್ಬಿಯೂ ಬರುತ್ತಿತ್ತು, ಆದರೆ ಅದಕ್ಕೆ ಬೇರೆ ಬುಟ್ಟಿ. ಅಷ್ಟು ಬುದ್ಧಿ ನಮಗಿತ್ತು.

ತುರ್ತಿನ ರಿಪೋರ್ಟಾದರೆ ಕಾಗದಕ್ಕೂ ಕಾಯುತ್ತಿರಲಿಲ್ಲ. ಕೆಳಗಿನಿಂದ "ಅಕ್ಕೋ" ಎಂದು ಕೂಗಿ ಬಾಯಲ್ಲೇ ಹೇಳಿಬಿಡುತ್ತಿದ್ದಳು. ನನ್ನ ಗಂಟಲೇನೂ ಕಡಿಮೆಯದಲ್ಲ. ನಾವಿಬ್ಬರು ಮಾತಿಗೆ ನಿಂತರೆ ಕಾಂಪೌಂಡಿನ ಆಚೆಯ ಚಿಲ್ಲರೆ ಅಂಗಡಿಯವರಿಗೂ ಯಾರ ಹಿಮೋಗ್ಲೋಬಿನ್ ಎಷ್ಟು ಎಂದು ಗೊತ್ತಾಗುತ್ತಿತ್ತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆಗ ಅದೇ ನಮ್ಮ ಹೆಮ್ಮೆ. ಬೇರೆ ವಾರ್ಡಿನವರು ರಿಪೋರ್ಟಿಗೆ ಗಂಟೆಗಟ್ಟಲೆ ಕಾಯುವಾಗ ನನಗೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಅವರು ಹೊಟ್ಟೆ ಉರಿದುಕೊಂಡರೆ ನಾನು ಇನ್ನಷ್ಟು ಜೋರಾಗಿ ಕೂಗುತ್ತಿದ್ದೆ.

ನನ್ನ ಮನೆ ಬದನಗುಪ್ಪೆಯಲ್ಲಿ. ಗಂಡನಿಗೆ ಅಲ್ಲಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಾನು ಹೊರಡುವಾಗ ಅವರು ಮಲಗಿರುತ್ತಿದ್ದರು, ನಾನು ಬರುವಾಗ ಅವರು ಹೊರಟಿರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ನಮ್ಮ ನಡುವೆ ಮಾತು ಎಂಬುದು ಭಾನುವಾರದ ಸಂಗತಿ. ಹಾಗಾಗಿ ದಿನದ ಮಾತೆಲ್ಲ ಅವಳಿಗೇ ಸಲ್ಲುತ್ತಿತ್ತು. ಮಧ್ಯಾಹ್ನ ಲ್ಯಾಬಿನ ಹಿಂದಿನ ಕಲ್ಲು ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂತರೆ ಅವಳು ನನ್ನ ನಡಿಗೆ ಅಣಕಿಸುತ್ತಿದ್ದಳು, ದೊಡ್ಡ ಡಾಕ್ಟರು ಕನ್ನಡಕ ಹುಡುಕುವುದನ್ನು ಅಣಕಿಸುತ್ತಿದ್ದಳು. ಯಾರಾದರೂ ರೋಗಿ ತೀರಿಕೊಂಡ ದಿನ ಮಾತ್ರ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಆ ಸುಮ್ಮನೆ ಕೂರುವುದು ಎಲ್ಲರಿಗೂ ಬರುವುದಿಲ್ಲ. ನನಗಂತೂ ಇವತ್ತಿಗೂ ಬಂದಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ರೋಗಿಗಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದೆವು. ಅದಕ್ಕೆ ಕಾರಣವೂ ಇತ್ತು. ಈ ಕಡೆಯ ಹತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರೆ ನಾಲ್ಕು ಜನರಿಗೆ ಬೆಟ್ಟದ ಮೇಲಿನ ಮಾದಪ್ಪನ ಹೆಸರೇ ಇರುತ್ತದೆ. ಹೆಸರು ಕರೆದರೆ ವಾರ್ಡಿನಲ್ಲಿ ನಾಲ್ಕು ತಲೆ ಒಟ್ಟಿಗೆ ಏಳುತ್ತಿದ್ದವು. ಊರು ಕರೆದರೆ ಒಂದೇ ತಲೆ. ಹಾಗಾಗಿ ಅಡುಗೆಯವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಊರೇ. 'ಹರದನಹಳ್ಳಿಯವರಿಗೆ ಡ್ರಿಪ್ ಮುಗಿಯಿತು', 'ತೆರಕಣಾಂಬಿಯವರಿಗೆ ಇವತ್ತು ಹೊಲಿಗೆ ಬಿಚ್ಚಬೇಕು'. ಟ್ಯೂಬಿನ ಮೇಲಿನ ಚೀಟಿಯಲ್ಲೂ ನಾನು ಊರನ್ನೇ ಬರೆಯುತ್ತಿದ್ದೆ. ಕೇಸ್ ಶೀಟಿನಲ್ಲಿ ಪೂರ್ತಿ ಹೆಸರು, ವಯಸ್ಸು, ನಂಬರು ಎಲ್ಲ ಇರುತ್ತಿತ್ತು ನಿಜ. ಆದರೆ ಕೇಸ್ ಶೀಟು ಬುಟ್ಟಿಯಲ್ಲಿ ಇಳಿಯುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಏಳನೇ ಮಂಚದಲ್ಲಿ ಬೇಗೂರಿನ ಹೆಂಗಸೊಬ್ಬರಿದ್ದರು. ಜ್ವರ ಇಳಿಯುತ್ತಿಲ್ಲವೆಂದು ನಮ್ಮದೇ ಗುಂಡ್ಲುಪೇಟೆ ಶಾಖೆಯವರು ಎರಡು ದಿನದ ಹಿಂದೆ ಕಳಿಸಿದ್ದರು. ಅವರ ರಕ್ತ ತೆಗೆದು, ಟ್ಯೂಬಿನ ಮೇಲೆ 'ಬೇಗೂರು' ಎಂದಷ್ಟೇ ಬರೆದು ಇಳಿಸಿದೆ. ಅದೇ ಹೊತ್ತಿಗೆ ಕೆಳಗೆ ತುರ್ತು ವಿಭಾಗಕ್ಕೆ ಬೇಗೂರಿನಿಂದಲೇ ಇನ್ನೊಬ್ಬರು ಬಂದಿದ್ದರು. ಅವರಿಗೂ ಮಾದಪ್ಪನದೇ ಹೆಸರು. ಸಕ್ಕರೆ ಕಾಯಿಲೆ ಕೈಮೀರಿತ್ತು. ಅವರನ್ನು ನಮ್ಮ ವಾರ್ಡಿಗೆ ಹಾಕುವುದೆಂದು ತೀರ್ಮಾನ ಮಾಡಿ, ಅವರ ಟ್ಯೂಬಿನ ಮೇಲೂ ನಮ್ಮ ವಾರ್ಡು, 'ಬೇಗೂರು' ಎಂದಷ್ಟೇ ಬರೆದು ಲ್ಯಾಬಿಗೆ ಕೊಟ್ಟಿದ್ದರು. ನಮಗೊಂದು ಮಾತು ಹೇಳಬೇಕೆಂದು ಮಾತ್ರ ಯಾರಿಗೂ ಅನ್ನಿಸಿರಲಿಲ್ಲ.

ಲ್ಯಾಬಿನಲ್ಲಿ ಮೊದಲು ಮುಗಿದದ್ದು ತುರ್ತು ವಿಭಾಗದ ಟ್ಯೂಬು. ಅವಳು ಕಿಟಕಿಯಿಂದ ಕೂಗಿದಳು. "ಅಕ್ಕೋ, ಬೇಗೂರವ್ರು ಇಬ್ರು ಅವ್ರ? ಒಂಚೂರು ನೋಡಿ ಹೇಳು."

ನಾನು ಒಂದು ಕೈಯಲ್ಲಿ ಡ್ರಿಪ್ಪಿನ ನಳಿಗೆ ಹಿಡಿದುಕೊಂಡಿದ್ದೆ. ದಾಖಲಾತಿಯ ಪುಸ್ತಕವೂ ತುರ್ತು ವಿಭಾಗವನ್ನು ಕೇಳಬಹುದಾಗಿದ್ದ ಫೋನೂ ಎರಡು ಮಾರು ದೂರದ ಮೇಜಿನ ಮೇಲಿದ್ದವು. ನೋಡಲಿಲ್ಲ, ಕೇಳಲೂ ಇಲ್ಲ. "ಇರೋದೇ ಒಬ್ರು ಕಣಮ್ಮಿ, ಏಳನೇ ಬೆಡ್ಡು. ಬೇಗ ಹೇಳು" ಅಂದೆ.

"ಸಕ್ಕರೆ ಮುನ್ನೂರ ಎಂಬತ್ತದೆ."

ಅಷ್ಟೇ ನಡೆದದ್ದು. ವಾರ್ಡಿನಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರವಿತ್ತು, ಆದರೆ ರಕ್ತದ ಹನಿ ಹಾಕುವ ಅದರ ಪಟ್ಟಿಗಳು ಮುಗಿದು ಎರಡು ದಿನವಾಗಿತ್ತು. ಪಟ್ಟಿ ಬೇಕೆಂದು ನಾನು ಬರೆದ ಚೀಟಿ ಸ್ಟೋರಿನಿಂದ ಔಷಧಿ ಅಂಗಡಿಗೆ, ಅಲ್ಲಿಂದ ಸಹಿಗೆಂದು ಆಫೀಸಿಗೆ ಅಲೆಯುತ್ತಿತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ, ಇನ್ಸುಲಿನ್ ಹೇಳಿದರು, ಏಳನೇ ಮಂಚದವರಿಗೆ ನನ್ನ ಕೈಯಾರೆ ಕೊಟ್ಟೆ.

ಒಂದು ಗಂಟೆಯೂ ಆಗಿರಲಿಲ್ಲ. ಆ ಹೆಂಗಸಿನ ಸೀರೆ ಬೆವರಿಗೆ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು, ನಾಲಗೆ ತೊದಲುತ್ತಿತ್ತು. ತುರ್ತು ವಿಭಾಗದ ಯಂತ್ರ ತರಲು ಮೆಟ್ಟಿಲಿಳಿದು ಓಡುತ್ತಿದ್ದೆ. ಎದುರಿಗೆ ಸ್ಟ್ರೆಚರ್ ಬಂತು. ತಳ್ಳುತ್ತಿದ್ದ ಅಟೆಂಡರ್ ನನ್ನನ್ನು ನೋಡಿ, "ಸಿಸ್ಟರ್, ಬೇಗೂರವ್ರು, ಸಕ್ಕರೆ ಕೇಸು, ನಿಮ್ ವಾರ್ಡಿಗೇ" ಅಂದ. ಎಲ್ಲ ಅಲ್ಲೇ ಅರ್ಥವಾಯಿತು. ಅವಳು ಯಾಕೆ ಕೇಳಿದಳು ಎಂಬುದೂ ಅಲ್ಲೇ ಅರ್ಥವಾಯಿತು.

ಗ್ಲೂಕೋಸ್ ಏರಿಸಿದೆವು. ಆ ತಾಯಿ ಉಳಿದರು. ಸಂಜೆಗೆ ಎದ್ದು ಕೂತು ಗಂಜಿ ಕುಡಿದು, "ನಂಗೇನಾಗಿತ್ತವ್ವ?" ಎಂದು ನನ್ನನ್ನೇ ಕೇಳಿದರು. ದೊಡ್ಡ ಡಾಕ್ಟರು ಅವರ ಮನೆಯವರನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿ ಕೈಮುಗಿದರು. ಅವರು ಹೆಚ್ಚು ಮಾತಾಡದೆ ಒಪ್ಪಿಕೊಂಡರು. ಬೇಗೂರಿನವರ ಒಳ್ಳೆಯತನ ಅದು, ನಮ್ಮ ಯೋಗ್ಯತೆಯಲ್ಲ.

ಮಾರನೇ ದಿನ ವಿಚಾರಣೆ. ದೊಡ್ಡ ಡಾಕ್ಟರು, ಆಡಳಿತಾಧಿಕಾರಿ, ನಾನು, ಅವಳು. ಚೀಟಿಯಲ್ಲಿ ಬರೀ ಊರು ಬರೆದದ್ದಕ್ಕೆ ನನ್ನನ್ನು ಚೆನ್ನಾಗಿ ಝಾಡಿಸಿದರು. ಆಮೇಲೆ ಆಡಳಿತಾಧಿಕಾರಿ ಅವಳ ಕಡೆ ತಿರುಗಿದರು. "ನಿಮ್ಮ ಮೇಜಿನ ಮೇಲೆ ಎರಡು ಟ್ಯೂಬ್ ಇದ್ದವು. ಇಬ್ಬರಿರಬಹುದು ಎಂದು ಕೇಳಬೇಕು ಅನ್ನಿಸಲಿಲ್ಲವೆ?"

ಅವಳು ನನ್ನನ್ನು ನೋಡಿದಳು. ಗಲಾಟೆಯಿಲ್ಲ, ಕೋಪವಿಲ್ಲ. 'ಹೇಳಕ್ಕ' ಎಂಬಂತೆ ನೋಡಿದಳು. ಊರಿಗೆಲ್ಲ ಕೇಳುವ ಗಂಟಲಿನ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋಗುತ್ತದೆ ಎಂದು ಹೆದರಿದ್ದೆ. ರೋಗಿ ಸತ್ತಿದ್ದರೆ ಎಂಬ ಯೋಚನೆಗೆ ಇನ್ನೂ ಹೆದರಿದ್ದೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ತಲೆ ತಗ್ಗಿಸಿ, "ನಂದೇ ತಪ್ಪು ಸರ್" ಅಂದಳು.

ನನಗೆ ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಅವಳನ್ನು ಗುಂಡ್ಲುಪೇಟೆ ಶಾಖೆಗೆ ಹಾಕಿದರು. ಹರವೆಯಿಂದ ದಿನಾ ಹೋಗಿ ಬರಲಾಗದೆ ಅಲ್ಲಿಯೇ ಒಂದು ಕೋಣೆ ಹಿಡಿದಳು. ಹೊರಡುವ ದಿನ ಮೇಲೆ ಬರಲಿಲ್ಲ. ನಾನೂ ಕೆಳಗಿಳಿಯಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದಾಗ ಅವಳ ಏಪ್ರನ್ ಕುರ್ಚಿಯ ಬೆನ್ನಿಗೆ ಮಡಚಿ ಹಾಕಿತ್ತು.

ಆ ಘಟನೆಯಿಂದ ಆಸ್ಪತ್ರೆಗೆ ಬುದ್ಧಿ ಬಂತು. ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಎಲ್ಲ ವಿಭಾಗದವರ ಸಮನ್ವಯ ಸಭೆ ಎಂದು ಮಾಡಿದರು. ಛತ್ರದ ಕಾಲದಲ್ಲಿ ವಾಲಗದವರು ಕೂರುತ್ತಿದ್ದ ಪಡಸಾಲೆಯಲ್ಲಿ ಕುರ್ಚಿ ಹಾಕುತ್ತಿದ್ದರು. ಮೊದಲ ಸಭೆಯನ್ನು ನೋಡಬೇಕಿತ್ತು ನೀವು. ಔಷಧಿ ಅಂಗಡಿಯವರೂ ಸ್ಟೋರಿನವರೂ ಒಂದೇ ಗೋಡೆಯ ಆಚೀಚೆ ಇದ್ದವರು, ಆರು ವರ್ಷದಿಂದ ಮಾತು ಬಿಟ್ಟಿದ್ದಾರೆಂದು ಅವತ್ತೇ ನಮಗೆ ಗೊತ್ತಾದದ್ದು. ಎಕ್ಸ್‌-ರೇಯವನು, "ವಾರ್ಡಿನೋರು ಒಬ್ರೂ ಓಲೆ ಸರ ಬಿಚ್ಚಿಸಿ ಕಳ್ಸಲ್ಲ, ನಾನು ಎಕ್ಸ್‌-ರೇ ತೆಗೀಲಾ, ಒಡವೆ ಕಾಯ್ಲಾ" ಎಂದು ಎಗರಾಡಿದ. ಬಿಲ್ಲಿನವರು, ಡಿಸ್ಚಾರ್ಜ್ ಚೀಟಿಯನ್ನು ಊಟದ ಹೊತ್ತಿಗೇ ಕಳಿಸುತ್ತೀರಿ ಎಂದು ಮುಖ ಊದಿಸಿಕೊಂಡರು. ಅಡುಗೆಯಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ, "ಸಕ್ಕರೆ ಕಾಯ್ಲೆಯೋರು ಯಾರು ಅಂತ ನಂಗೆ ಯಾರೂ ಹೇಳ್ನಿಲ್ಲ ಸ್ವಾಮಿ. ಎಲ್ರಿಗೂ ಪಾಯ್ಸ ಬಡಿಸ್ಬುಟ್ಟಿವ್ನಿ" ಅಂದರು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಈ ಸಭೆಯ ನಡಾವಳಿ ಬರೆಯುವ ಕೆಲಸ ನನಗೆ ಬಂತು. ಅಕ್ಷರ ದುಂಡಗಿದೆ ಎನ್ನುವುದು ಒಂದು ಕಾರಣ, ಯಾರಿಗೂ ಜಗ್ಗದ ಬಾಯಿ ಎನ್ನುವುದು ಇನ್ನೊಂದು. ನಾನೂ ಹಟ ಹಿಡಿದು ಮಾಡಿದೆ. ಬುಟ್ಟಿ ಬಿಚ್ಚಿಸಿದೆ. ಊರು ಹಿಡಿದು ಕರೆಯುವುದನ್ನು ನಿಲ್ಲಿಸಿದೆ. ಪೂರ್ತಿ ಹೆಸರು, ಗಂಡನದೋ ತಂದೆಯದೋ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ಇವಿಷ್ಟೂ ಇಲ್ಲದ ಟ್ಯೂಬನ್ನು ಲ್ಯಾಬಿನವರು ಮುಟ್ಟುವ ಹಾಗಿಲ್ಲ. ಫೋನಿನಲ್ಲಿ ರಿಪೋರ್ಟ್ ಹೇಳಿದರೆ ಕೇಳಿದವರು ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು. ತುರ್ತು ವಿಭಾಗದಿಂದ ರೋಗಿ ಹೊರಡುವ ಮೊದಲೇ ವಾರ್ಡಿಗೆ ಕರೆ ಬರಬೇಕು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಊರಿನ ಎಲ್ಲ ವಿಭಾಗದವರನ್ನು ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿ, ಸಭೆ ಮುಗಿದ ಕೂಡಲೇ ನಡಾವಳಿಯ ಫೋಟೋ ತೆಗೆದು ಅದರಲ್ಲಿ ಹಾಕುತ್ತಿದ್ದೆ. ಸಕ್ಕರೆ ನೋಡುವ ಪಟ್ಟಿಗಳು ಮುಗಿಯುವ ಮುಂಚೆಯೇ ವಾರ್ಡಿಗೆ ಬರತೊಡಗಿದವು. ಔಷಧಿ ಅಂಗಡಿಯವರೂ ಸ್ಟೋರಿನವರೂ ಒಟ್ಟಿಗೆ ಟೀ ಕುಡಿಯುವುದನ್ನು ನನ್ನ ಕಣ್ಣಾರೆ ನೋಡಿದೆ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಿದಾಗಲೆಲ್ಲ ನನಗೆ ಅವಳ ನೆನಪಾಗುತ್ತಿತ್ತು. ಮಧ್ಯಾಹ್ನ ಒಬ್ಬಳೇ ಕೂತು ಡಬ್ಬಿ ಬಿಚ್ಚಿದರೆ ಎರಡು ತುತ್ತಿಗೆ ಹಸಿವು ಹೋಗಿಬಿಡುತ್ತಿತ್ತು. ಹೊಸದಾಗಿ ಬಂದ ಲ್ಯಾಬಿನ ಹುಡುಗಿ ಒಳ್ಳೆಯವಳು, ಕೆಲಸದಲ್ಲಿ ಚುರುಕು, ಮೆಟ್ಟಿಲು ಹತ್ತಿ ಬಂದು ರಿಪೋರ್ಟ್ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಿದ್ದಳು. ಅವಳ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು. ಪಾಪ, ಆ ಹುಡುಗಿ ಮಾಡಿದ ತಪ್ಪೆಂದರೆ ನನ್ನ ಹರವೆಯವಳಲ್ಲದೆ ಇದ್ದದ್ದು.

ಗುಂಡ್ಲುಪೇಟೆಯಿಂದ ರೋಗಿಗಳನ್ನು ಕಳಿಸುವಾಗ ಅಲ್ಲಿಯ ಲ್ಯಾಬಿನಿಂದ ಫೋನ್ ಬರುತ್ತಿತ್ತು. ಹೆಚ್ಚಿನ ದಿನ ಅವಳೇ ಮಾಡುತ್ತಿದ್ದಳು. "ಗುಂಡ್ಲುಪೇಟೆ ಲ್ಯಾಬ್" ಎಂದು ಶುರು ಮಾಡಿ ಹೆಸರು, ವಯಸ್ಸು, ನಂಬರು ಒಂದೇ ಧಾಟಿಯಲ್ಲಿ ಹೇಳುತ್ತಿದ್ದಳು. ಹಿಂದೆ ಅಕ್ಕ ಎನ್ನುತ್ತಿದ್ದವಳು ಈಗ ಸಿಸ್ಟರ್ ಎನ್ನುತ್ತಿದ್ದಳು. ನಾನು ತಿರುಗಿ ಓದಿ ಹೇಳುವ ಮೊದಲು, "ಊಟ ಆಯ್ತಾ ಅಮ್ಮಿ?" ಎಂದು ನಡುವೆ ತುರುಕುತ್ತಿದ್ದೆ.

"ಆಯ್ತು. ಓದಿ ಸಿಸ್ಟರ್."

ನಾನು ಓದುತ್ತಿದ್ದೆ. ಸರಿ ಎಂದು ಫೋನ್ ಇಡುತ್ತಿದ್ದಳು. ತಪ್ಪು ನನ್ನದೇ ಎಂದು ಅವಳಿಗೆ ಹೇಳಿಬಿಡೋಣ ಎಂದು ನೂರು ಸಲ ಅನ್ನಿಸಿದೆ. ಆದರೆ ಹಿಂದೆಮುಂದೆ ನೋಡುವುದು ಒಮ್ಮೆ ರೂಢಿಯಾದರೆ ಅದು ದಿನದಿಂದ ದಿನಕ್ಕೆ ಬಲಿಯುತ್ತದೆ. ಇವತ್ತು ರೋಗಿಯ ವಿಷಯ ಮುಗಿಯಲಿ, ನಾಳೆ ಹೇಳೋಣ. ನಾಳೆ ಅವಳ ದನಿ ಸ್ವಲ್ಪ ಮೆತ್ತಗಿದ್ದರೆ ಹೇಳೋಣ. ಹೀಗೆ ಒಂದು ವರ್ಷವೇ ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಫೋನು ಬಾರದ ದಿನ ನಾನೇ ಏನಾದರೊಂದು ನೆಪ ಹುಡುಕಿ ಫೋನ್ ಮಾಡುತ್ತಿದ್ದೆ. ಆ 'ಓದಿ ಸಿಸ್ಟರ್' ಕೇಳದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಒಂದು ಶನಿವಾರ ಹೊಸ ನರ್ಸ್‌ಗಳ ತಂಡವೊಂದು ಸೇರಿತ್ತು. ಆಡಳಿತಾಧಿಕಾರಿ ಅವರಿಗೆ ಈ ಸಭೆ ಯಾಕೆ ಹುಟ್ಟಿತು ಎಂದು ವಿವರಿಸುತ್ತಾ, "ಒಬ್ಬ ಲ್ಯಾಬ್ ಟೆಕ್ನಿಷಿಯನ್ ಒಂದೇ ಒಂದು ಪ್ರಶ್ನೆ ಕೇಳದೆ ಹೋದದ್ದರಿಂದ ಒಂದು ಜೀವ ಹೋಗುವುದರಲ್ಲಿತ್ತು" ಅಂದರು. ಹೊಸ ಹುಡುಗಿಯರು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಒಬ್ಬಳು 'ಅಯ್ಯೋ' ಎಂದು ತಲೆ ಆಡಿಸಿದಳು. ಅದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ.

ಎದ್ದು ನಿಂತು ಹೇಳಿದೆ. "ಸರ್, ಅವಳು ಕೇಳಿದ್ದಳು. ಇಬ್ಬರಿದ್ದಾರಾ ನೋಡಿ ಹೇಳು ಎಂದು ಕೇಳಿದ್ದಳು. ನಾನು ಪುಸ್ತಕ ನೋಡದೆ, ತುರ್ತು ವಿಭಾಗವನ್ನೂ ಕೇಳದೆ ಒಬ್ಬರೇ ಎಂದು ಹೇಳಿದೆ. ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದೆ."

ನನ್ನನ್ನು ಅಲ್ಲೇ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಹಾಕಿದ್ದರೆ ಚೆನ್ನಾಗಿತ್ತೇನೋ. ದೊಡ್ಡ ಡಾಕ್ಟರು, "ಇದನ್ನೂ ನಡಾವಳಿಯಲ್ಲಿ ಬರೆಯಿರಿ. ಆ ಹುಡುಗಿಗೆ ಬರಬೇಕು ಅನ್ನಿಸಿದರೆ ವಾಪಸ್ ಬರಲಿ, ಸೋಮವಾರವೇ ಆರ್ಡರ್ ಕಳಿಸಿ" ಅಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಬೈಯುವಷ್ಟೂ ಲೆಕ್ಕಕ್ಕಿಲ್ಲದವಳಂತೆ ನನ್ನನ್ನು ಬಿಟ್ಟರು.

ಬರೆದೆ. ನನ್ನ ದುಂಡು ಅಕ್ಷರದಲ್ಲೇ, ಐದನೇ ವಿಷಯವಾಗಿ, ಎಕ್ಸ್‌-ರೇ ಕೋಣೆಯ ಪರದೆ ಮತ್ತು ಆಂಬುಲೆನ್ಸಿನ ಸಮಯಗಳ ನಡುವೆ ಬರೆದೆ. ಪ್ರತಿ ಶನಿವಾರದಂತೆ ಫೋಟೋ ತೆಗೆದು ಗುಂಪಿನಲ್ಲಿ ಹಾಕಿದೆ. ಹಾಕಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಅವತ್ತು ಪೂರ್ತಿ ಊಟ ಮಾಡಿದೆ. ಸಂಜೆಯೊಳಗೆ ಅವಳು ಫೋನ್ ಮಾಡುತ್ತಾಳೆ ಎಂದು ಖಾತ್ರಿಯಿತ್ತು. ನೋಡಿದ್ದಾಳೆ ಎಂದು ಫೋನೇ ತೋರಿಸುತ್ತಿತ್ತು. ಸಂಜೆಯಾಯಿತು, ಭಾನುವಾರವೂ ಕಳೆಯಿತು. ಸೋಮವಾರ ಅಲ್ಲಿಂದ ಬೇರೆ ಯಾರೋ ಫೋನ್ ಮಾಡಿ ರೋಗಿಯ ವಿವರ ಹೇಳಿದರು. ಮಂಗಳವಾರವೂ ಬೇರೆಯವರೇ.

ಬುಧವಾರ ರಜೆ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು, ಕೊಯ್ಲಿನ ಹೊತ್ತು, ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೀಳುತ್ತಿದ್ದರು. ಅವಳು ವಾಪಸ್ ಬಂದ ಮೇಲೆ ಏನೇನು ಮಾಡಬೇಕೆಂದು ನಾನು ಲೆಕ್ಕ ಹಾಕುತ್ತಿದ್ದೆ. ಹೊಸ ಹುಡುಗಿಗೆ ಬೇರೆ ಪಾಳಿ ಕೊಡಿಸಬೇಕು, ಅವಳಿಗೆ ಹರವೆ ಬಸ್ಸಿಗೆ ಹೊಂದುವ ಹಾಗೆ ಸಮಯ ಮಾಡಿಸಬೇಕು. ಆಸೆ ಎಂಬುದು ಎಷ್ಟು ನಾಚಿಕೆಗೆಟ್ಟದ್ದು ನೋಡಿ.

ಗುಂಡ್ಲುಪೇಟೆಯ ಲ್ಯಾಬು ಒಂದೇ ಕೋಣೆಯದು. ಅವಳು ಯಾರೋ ಕೇರಳದ ಕಡೆಯ ಅಜ್ಜಿಗೆ ಬೆಳಗ್ಗೆ ಏನೂ ತಿನ್ನದೆ ಬರಬೇಕೆಂದು ಮಲಯಾಳದಲ್ಲಿ ಹೇಳುತ್ತಿದ್ದಳು. ಆ ಭಾಷೆ ಯಾವಾಗ ಕಲಿತಳೋ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಸೊರಗಿದ್ದಳು. ನನ್ನನ್ನು ನೋಡಿ ಕುರ್ಚಿ ಎಳೆದು ಹಾಕಿದಳು, ಟೀ ತರಿಸಿದಳು, ನನ್ನ ಮನೆಯವರ ಆರೋಗ್ಯ ವಿಚಾರಿಸಿದಳು. ಮನೆಗೆ ಬಂದ ನೆಂಟರಿಗೆ ಮಾಡುವುದೆಲ್ಲವನ್ನೂ ಮಾಡಿದಳು.

"ಆರ್ಡರ್ ಬಂತಾ ಅಮ್ಮಿ?" ಎಂದು ಕೇಳಿದೆ.

"ಬಂತು. ಬರಲ್ಲ ಅಂತ ಬರ್ದು ಕಳ್ಸಿವ್ನಿ. ಇಲ್ಲೇ ಅಭ್ಯಾಸ ಆಗೋಯ್ತು."

"ನಡಾವಳಿ ನೋಡ್ನಿಲ್ವಾ? ನಾನು ಎಲ್ಲಾ ಹೇಳ್ಬುಟ್ಟೆ. ಎಲ್ರ ಮುಂದೇನೂ."

"ನೋಡ್ದೆ" ಅಂದಳು. ಟೀ ಲೋಟವನ್ನು ಮೇಜಿನ ಮೇಲೆ ಇಟ್ಟಳು. "ಒಂದು ವರ್ಸ ಕಾದಿವ್ನಿ ಕಣಕ್ಕ. ದಿನಾ ಫೋನ್ ಮಾಡ್ತಿದ್ದೆ, ಇವತ್ತು ಹೇಳ್ತೀಯೇನೋ, ನಾಳೆ ಹೇಳ್ತೀಯೇನೋ ಅಂತ. ನೀನು ಊಟ ಆಯ್ತಾ ಅಂತ ಕೇಳ್ತಿದ್ದೆ. ಕೊನೆಗೆ ನೀನು ಹೇಳಿದ್ದನ್ನ ಆಂಬುಲೆನ್ಸ್ ಡ್ರೈವರಣ್ಣ ನಂಗೆ ತೋರಿಸ್ದ. ಅಂವ ಓದಿದ್ದ, ಗೇಟಿನೋರು ಓದಿದ್ರು, ಅಡುಗೆಯಮ್ಮನಿಗೆ ಯಾರೋ ಓದಿ ಹೇಳಿದ್ರಂತೆ. ಅವ್ರೆಲ್ಲರ ಜೊತೆ ನಾನೂ ನನ್ ಫೋನಲ್ಲಿ ಓದ್ದೆ."

ಇಡೀ ಆಸ್ಪತ್ರೆಯಲ್ಲಿ ಯಾವ ವಿಷಯ ಮೊದಲು ಯಾರಿಗೆ ತಲುಪಬೇಕು ಎಂದು ನಿಯಮ ಬರೆದವಳು ನಾನು. ಅವಳಿಗೆ ಮೊದಲು ತಲುಪಬೇಕಾದದ್ದನ್ನು ಕೊನೆಗೆ ತಲುಪಿಸಿದವಳೂ ನಾನೇ. ತಡವರಿಸುತ್ತಾ, ಅವಳ ಮುಖ ನೋಡಿಕೊಂಡು, ನೀನು ಕೇಳಿದ್ದೆ, ನಾನು ನೋಡದೆ ಹೇಳಿದೆ, ಆಮೇಲೆ ನಿನ್ನನ್ನು ಬಿಟ್ಟುಕೊಟ್ಟೆ ಎಂದು ಹೇಳಿದೆ. ಅಳುವೂ ಬಂತು. ಅವಳು ಪೂರ್ತಿ ಕೇಳಿಸಿಕೊಂಡು, "ಊಂ" ಅಂದಳು. ಹೊರಗೆ ಜನ ಕಾಯುತ್ತಿದ್ದರು. ಎದ್ದು ಕೈಗೆ ಗ್ಲೌಸ್ ಹಾಕಿಕೊಂಡಳು.

ಅವಳು ಬರಲಿಲ್ಲ. ಬರುವುದೂ ಇಲ್ಲ. ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಬದನಗುಪ್ಪೆಯ ಮನೆಯಲ್ಲಿ ಕೂತು ಇವನ್ನೆಲ್ಲ ಬರೆಯಲು ಶುರು ಮಾಡಿದ್ದೇನೆ. ಇಷ್ಟು ಬರೆದು ಮುಗಿದಾಗ ಮೊದಲ ಸಲಕ್ಕೆ ಬುದ್ಧಿ ಬಂದು, ಯಾರಿಗೂ ತೋರಿಸದೆ ಹಾಳೆಗಳ ಸಮೇತ ಗುಂಡ್ಲುಪೇಟೆಗೆ ಹೋದೆ. ಅವಳ ಕೋಣೆಯ ಮುಂದಿನ ಜಗುಲಿಯಲ್ಲಿ ಕೂತು ಓದಿ ಹೇಳಿದೆ. ಅವಳು ಹೂಕೋಸು ಬಿಡಿಸುತ್ತಾ ಕೇಳಿದಳು. ಅಡುಗೆಯಮ್ಮನ ಪಾಯಸಕ್ಕೆ ನಕ್ಕಳು. ನಾನು ಓದುವುದು ಬಿಟ್ಟು ಆ ನಗು ನೋಡಿದೆ. ಎಷ್ಟು ವರ್ಷದ ಮೇಲೆ ನೋಡುತ್ತಿದ್ದೆ.

ಮುಗಿದ ಮೇಲೆ, "ಎಲ್ಲ ಸರಿ ಅದೆ" ಅಂದಳು. "ಒಂದು ಮಾತ್ರ ತಪ್ಪು."

"ಏನು?"

"ನಾನು ಒಂದ್ಸಲ ಕೇಳ್ದೆ ಅಂತ ಬರ್ದಿದ್ದೀಯ. ಎರಡು ಸಲ ಕೇಳಿದ್ದೆ. ಸಕ್ಕರೆ ಹೇಳಾದ್ಮೇಲೆ ಮತ್ತೊಂದ್ಸಲ ಕೂಗ್ದೆ, ದಿಟ್ವಾಗ್ಲೂ ಒಬ್ರೇನಾ ಅಂತ. ನೀನು ಆಗ್ಲೇ ಕಿಟಕಿ ಬಿಟ್ಟು ಹೋಗಿದ್ದೆ."

ನನ್ನ ನೆನಪಿನಲ್ಲಿ ಒಂದೇ ಸಲ ಉಳಿದಿತ್ತು, ಮೇಲೆ ಹಾಗೆಯೇ ಬರೆದಿದ್ದೇನೆ. ಅದನ್ನು ಅಳಿಸಿಲ್ಲ. ಅವಳು ಹೇಳಿದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಅವಳು ಎರಡು ಸಲ ಕೇಳಿದ್ದಳು.